ಅಪ್‌ಡೇಟ್: ಅಣ್ಣನ ಬ್ಯಾಂಕ್ ಅರ್ಜಿ ಮತ್ತು ಮಗಳ ವಿದ್ಯಾರ್ಥಿವೇತನ

ಎಸ್ಸೆಸ್ಸೆಲ್ಸಿ ಓದಿ ಸೇನೆಗೆ ಸೇರಿ, 17 ವರ್ಷಗಳ ನಂತರ ಹವಾಲ್ದಾರ್ ಆಗಿ ನಿವೃತ್ತರಾದ ನನ್ನ ಅಣ್ಣ ಸರ್ಕಾರಿ ಬ್ಯಾಂಕಿನ ಗುಮಾಸ್ತ ಹುದ್ದೆಗೆ ಅರ್ಜಿ ಹಾಕಬಹುದೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು, ಅರ್ಜಿ ಸಲ್ಲಿಕೆಯಾಗಿದೆ.

ಪದವಿ ಇಲ್ಲದಿದ್ದರೂ, ಕನಿಷ್ಠ 15 ವರ್ಷ ಸೇವೆ ಸಲ್ಲಿಸಿ ಸೇನೆಯ ವಿಶೇಷ ಶಿಕ್ಷಣ ಪ್ರಮಾಣಪತ್ರ ಪಡೆದ ಮೆಟ್ರಿಕ್ಯುಲೇಟ್ ಮಾಜಿ ಸೈನಿಕರಿಗೆ ಅವಕಾಶವಿದೆ ಎಂಬುದು ನೇಮಕಾತಿ ಅಧಿಸೂಚನೆಯಲ್ಲಿಯೇ ಸ್ಪಷ್ಟವಾಗಿತ್ತು. ಈ ಹುದ್ದೆಗಳಲ್ಲಿ ಅವರಿಗೆ ಶೇ. 14.5ರಷ್ಟು ಮೀಸಲಾತಿಯೂ ಇದೆ. ಇಂಥ ಮಾಹಿತಿ ನಿವೃತ್ತಿಗೆ ಮುನ್ನ, ರೆಜಿಮೆಂಟಿನಲ್ಲಿರುವಾಗಲೇ ಪ್ರತಿಯೊಬ್ಬ ಜವಾನನ ಕೈಸೇರಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಊರಿಗೆ ಮರಳಿದ ಮೇಲೆ ಕಚೇರಿಯಿಂದ ಕಚೇರಿಗೆ ಅಲೆಯುವ ಸ್ಥಿತಿ ಅವರಿಗೆ ಬರಬಾರದು.

ಎಂಜಿನಿಯರಿಂಗ್ ಮೊದಲ ವರ್ಷದಲ್ಲಿರುವ ಅಣ್ಣನ ಮಗಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನಕ್ಕೂ ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದಲ್ಲಿ ಅರ್ಜಿ ಹಾಕಿದ್ದೇವೆ. ಪಿಯುಸಿಯಲ್ಲಿ ಶೇ. 60 ಅಂಕ ಕಡ್ಡಾಯ. ಆಯ್ಕೆಯಾದ ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000 ರೂಪಾಯಿ, ಗಂಡುಮಕ್ಕಳಿಗೆ 2,500 ರೂಪಾಯಿ ದೊರೆಯುತ್ತದೆ. ಕಾಲೇಜಿನ ಪ್ರಾಂಶುಪಾಲರ ಸಹಿ ಮತ್ತು ಮೊಹರಿರುವ ವ್ಯಾಸಂಗ ಪ್ರಮಾಣಪತ್ರವನ್ನು ಮೊದಲೇ ಪಡೆದುಕೊಳ್ಳಿ, ಏಕೆಂದರೆ ನಮಗೆ ಹೆಚ್ಚು ಸಮಯ ಹಿಡಿದದ್ದು ಅದೇ.

ಅಣ್ಣ ಈಗ ಪ್ರತಿದಿನ ಬೆಳಿಗ್ಗೆ ಮಗಳ ಬಳಿ ಕುಳಿತು ಶೇಕಡಾವಾರು ಮತ್ತು ಬಡ್ಡಿ ಲೆಕ್ಕಗಳನ್ನು ಅಭ್ಯಾಸ ಮಾಡುತ್ತಿದ್ದಾರೆ. ಪೂರ್ವಭಾವಿ ಪರೀಕ್ಷೆಯ ಫಲಿತಾಂಶ ಬಂದಾಗ ತಿಳಿಸುತ್ತೇನೆ.