ಎಲ್‌ಓಆರ್ (ಶಿಫಾರಸು ಪತ್ರ): "ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ" ಅಂದ್ರೆ ಏನ್ ಮಾಡೋದು?

ಏಳನೇಸೆಮ್:
ನಮಸ್ಕಾರ. ವಿಟಿಯು ಅಡಿ ಬರೋ ಕಾಲೇಜು, ಇಸಿಇ ಏಳನೇ ಸೆಮ್. ಮುಂದಿನ ಫಾಲ್‌ಗೆ (ಆಗಸ್ಟ್ ಹೊತ್ತಿಗೆ ಶುರುವಾಗೋ ಸೆಮ್) ಅಮೆರಿಕದ ಹನ್ನೊಂದು ಯೂನಿವರ್ಸಿಟಿಗಳಿಗೆ ಎಂಎಸ್ ಅರ್ಜಿ ಹಾಕೋ ಯೋಚನೆ. ಮೊದಲ ಡೆಡ್‌ಲೈನ್ ಡಿಸೆಂಬರ್ 15. ಮೂರು ಎಲ್‌ಓಆರ್ ಬೇಕು. ಎಚ್‌ಓಡಿ (ವಿಭಾಗದ ಮುಖ್ಯಸ್ಥರು) ಸರ್ "ನೀನೇ ಬರ್ಕೊಂಡು ಬಾ, ಲೆಟರ್‌ಹೆಡ್ ಮೇಲೆ ಸೈನ್ ಮಾಡಿ ಸೀಲ್ ಹಾಕ್ತೀನಿ" ಅಂದರು. ಪ್ರಾಜೆಕ್ಟ್ ಗೈಡ್ ಮೇಡಂ ಅಸಿಸ್ಟೆಂಟ್ ಪ್ರೊಫೆಸರ್, ಪಿಎಚ್‌ಡಿ ಇನ್ನೂ ಮುಗಿದಿಲ್ಲ. ಅವರ ಪತ್ರಕ್ಕೆ ತೂಕ ಇರುತ್ತಾ? ಇಬ್ಬರೂ ಬಳಸೋದು ಜಿಮೇಲ್. ಇನ್ನೊಂದು, ಅರ್ಜಿಯಲ್ಲಿ ಪತ್ರ ನೋಡುವ ಹಕ್ಕು ಬಿಟ್ಟುಕೊಡ್ತೀರಾ ಅಂತ ಕೇಳ್ತಾರೆ. ಹೌದು ಅನ್ನಬೇಕಾ?

ಕಡತವಿಲೇವಾರಿ:
ಮೊದಲು ಸೀಲಿನ ವಿಚಾರ. ಸೀಲ್ ಹಾಕಿದ ಕಾಗದವನ್ನು ನೀವು ಸ್ಕ್ಯಾನ್ ಮಾಡಿ ಏರಿಸೋಕೆ ಸಾಮಾನ್ಯವಾಗಿ ಅರ್ಜಿಯಲ್ಲಿ ಜಾಗವೇ ಇರಲ್ಲ. ನೀವು ಅವರ ಹೆಸರು, ಹುದ್ದೆ, ಇಮೇಲ್ ತುಂಬಿದರೆ ಪೋರ್ಟಲ್ ನೇರವಾಗಿ ಅವರಿಗೇ ಲಿಂಕ್ ಕಳಿಸುತ್ತೆ. ಅವರೇ ತೆರೆದು ಪಿಡಿಎಫ್ ಹಾಕಬೇಕು. ಎಷ್ಟೋ ಕಡೆ ಅದರ ಜೊತೆಗೆ ಒಂದು ಫಾರ್ಮ್ ಇರುತ್ತೆ: ಎಷ್ಟು ಕಾಲದಿಂದ ಬಲ್ಲಿರಿ, ಯಾವ ನಾತೆಯಲ್ಲಿ, ನೀವು ಪಾಠ ಮಾಡಿದವರಲ್ಲಿ ಈ ವಿದ್ಯಾರ್ಥಿ ಮೇಲಿನ ಶೇ 5ರಲ್ಲೋ, 10ರಲ್ಲೋ, 25ರಲ್ಲೋ. ಎಲ್ಲ ಸಾಲಿಗೂ ಮೇಲಿನ ಮನೆಗೇ ಟಿಕ್ ಹಾಕಿ ಪತ್ರದಲ್ಲಿ ಎರಡೇ ಪ್ಯಾರಾ ಇದ್ದರೆ ಓದುವವರು ಟಿಕ್‌ಗಳನ್ನು ನಂಬಲ್ಲ. ಲೆಟರ್‌ಹೆಡ್ ಮತ್ತು ಸಹಿ ಇದ್ದರೆ ಒಳ್ಳೆಯದೇ, ಸೀಲಿಗಾಗಿ ಓಡಾಡಬೇಡಿ.

ಜಿಮೇಲ್ ಇದ್ದ ಮಾತ್ರಕ್ಕೆ ಅರ್ಜಿ ತಳ್ಳಿಹಾಕಲ್ಲ, ಆದರೆ ಆ ವಿಳಾಸ ಯಾರದು ಅಂತ ಅನುಮಾನ ಬರುತ್ತೆ. ಎಷ್ಟೋ ಕಾಲೇಜುಗಳಲ್ಲಿ ಸಿಬ್ಬಂದಿಗೆ ಕಾಲೇಜಿನ ಡೊಮೇನ್‌ನಲ್ಲೇ ಐಡಿ ಇರುತ್ತೆ, ಪಾಸ್‌ವರ್ಡ್ ಮಾತ್ರ ಯಾರಿಗೂ ನೆನಪಿರಲ್ಲ. ಸಿಸ್ಟಂ ಅಡ್ಮಿನ್ ಹತ್ತಿರ ರೀಸೆಟ್ ಮಾಡಿಸಿಕೊಡಿ ಅಂತ ಅವರನ್ನೇ ಕೇಳಿ. ನಿಮ್ಮ ಪೋರ್ಟಲ್‌ನಲ್ಲಿ "ಕಳಿಸಲಾಗಿದೆ" ಅಂತ ಕಂಡರೆ ಮೇಲ್ ಹೊರಟಿದೆ ಅಂತಷ್ಟೇ. ಸ್ಪ್ಯಾಮ್‌ನಲ್ಲಿ ಬಿದ್ದಿರಬಹುದು, ಐಡಿಯಲ್ಲಿ ಒಂದಕ್ಷರ ತಪ್ಪಿರಬಹುದು. ಎರಡು ದಿನದೊಳಗೆ ವಿಚಾರಿಸಿ, ಬಂದಿಲ್ಲ ಅಂದರೆ ಮರುಕಳಿಸಿ.

ಹಕ್ಕು ಬಿಟ್ಟುಕೊಡ್ತೀರಾ ಅಂದಿದ್ದಕ್ಕೆ ಹೌದು ಅನ್ನಿ. 1974ರ ಫರ್ಪಾ ಅನ್ನೋ ಅಮೆರಿಕದ ಕಾನೂನಿನ ಪ್ರಕಾರ ಸೇರಿದ ವಿದ್ಯಾರ್ಥಿ ತನ್ನ ಕಡತ ನೋಡಬಹುದು. ಈ ಪತ್ರಗಳ ಮಟ್ಟಿಗೆ ಆ ಹಕ್ಕನ್ನು ಬಿಡಬಹುದು. ವಿದ್ಯಾರ್ಥಿ ನೋಡಲ್ಲ ಅಂತ ಗೊತ್ತಿದ್ದು ಬರೆದ ಪತ್ರವನ್ನು ಹೆಚ್ಚು ನಂಬುತ್ತಾರೆ.

ಸರ್ ಹೆಸರಲ್ಲಿ ನೀವೇ ಒಂದು ಐಡಿ ಮಾಡಿ ಲಿಂಕ್ ತರಿಸಿಕೊಳ್ಳೋದು ಬೇಡವೇ ಬೇಡ. ಅದು ಫೋರ್ಜರಿ. ಸೇರಿದ ಮೇಲೆ ಸಿಕ್ಕಿಬಿದ್ದರೂ ಅಡ್ಮಿಷನ್ ರದ್ದು ಮಾಡಬಹುದು.

ಬಿಳಿಸೀಮೆಸುಣ್ಣ:
ಗೈಡ್ ಮೇಡಂ ಪತ್ರಕ್ಕೆ ಖಂಡಿತ ತೂಕ ಇದೆ, ಎಚ್‌ಓಡಿ ಪತ್ರಕ್ಕಿಂತ ಹೆಚ್ಚು. ಹುದ್ದೆ ನೋಡಿ ಅಂಕ ಕೊಡೋ ಪದ್ಧತಿ ಅಲ್ಲಿಲ್ಲ. ಕ್ಲಾಸಿನಲ್ಲಿ ನೂರಿಪ್ಪತ್ತು ಜನರ ನಡುವೆ ನಿಮ್ಮನ್ನು ಕಂಡವರು ಬರೆಯಬಲ್ಲದ್ದು "ಚೆನ್ನಾಗಿ ಓದುತ್ತಾನೆ, ಶಿಸ್ತಿದೆ" ಅಂತ. ಅದು ಮಾರ್ಕ್ಸ್ ಕಾರ್ಡ್‌ನಲ್ಲೇ ಇದೆಯಲ್ಲ! ಬೋರ್ಡ್ ಸುಟ್ಟುಹೋದಾಗ ಏನು ಮಾಡಿದಿರಿ, ರೀಡಿಂಗ್ ತಪ್ಪು ಬಂದಾಗ ಕೋಡ್ ನೋಡಿದಿರೋ ಸೆನ್ಸರ್ ನೋಡಿದಿರೋ, ಇದನ್ನು ಹೇಳೋಕೆ ಮೇಡಂಗೆ ಮಾತ್ರ ಸಾಧ್ಯ.

ಇನ್ನು "ಬರ್ಕೊಂಡು ಬಾ". ನಮ್ಮಲ್ಲಿ ಇದು ಎಷ್ಟು ಮಾಮೂಲಿ ಅಂದರೆ ತಪ್ಪು ಅಂತಲೇ ಯಾರಿಗೂ ಅನ್ನಿಸಲ್ಲ. ಸಾಕಷ್ಟು ಯೂನಿವರ್ಸಿಟಿಗಳು ಇದನ್ನು ಒಪ್ಪಲ್ಲ. ಒಪ್ಪಿದರೂ ನಿಮಗೇ ನಷ್ಟ: ಮೂರೂ ಪತ್ರ ಒಂದೇ ಕೈಬರಹದ ಹಾಗೆ ಕಾಣುತ್ತವೆ, ಅದೇ ವಿಶೇಷಣ, ಅದೇ ವಾಕ್ಯದ ಉದ್ದ, ಎಸ್‌ಓಪಿಯಲ್ಲಿರೋ (ಯಾಕೆ ಓದಬೇಕು ಅಂತ ನೀವೇ ಬರೆಯೋ ಪ್ರಬಂಧ) ಸಾಲುಗಳೇ. ಅದೂ ಅಲ್ಲದೆ ನಿಮ್ಮ ಬಗ್ಗೆ ನೀವೇ ಬರೆದುಕೊಳ್ಳುವಾಗ ಸಂಕೋಚಕ್ಕೆ "ಅತ್ಯಂತ ಪರಿಶ್ರಮಿ" ಅಂತ ಸಪ್ಪೆ ಮಾತು ಬರುತ್ತೆ. ಗುರುಗಳು ನಿಸ್ಸಂಕೋಚವಾಗಿ ಬರೆಯಬಹುದಾದ "ಈ ಬ್ಯಾಚಿನ ಮೂರು ಅತ್ಯುತ್ತಮರಲ್ಲಿ ಒಬ್ಬರು" ಅನ್ನೋ ವಾಕ್ಯ ನಿಮ್ಮ ಪೆನ್ನಿಂದ ಬರಲ್ಲ.

ಪತ್ರದ ಬದಲು ಒಂದೇ ಪುಟದ ಟಿಪ್ಪಣಿ ಕೊಡಿ. ಅವರ ಹತ್ತಿರ ಓದಿದ ಸಬ್ಜೆಕ್ಟ್, ಯಾವ ಸೆಮ್, ಗ್ರೇಡ್. ಪ್ರಾಜೆಕ್ಟ್ ಹೆಸರು, ನಾಲ್ಕು ಜನರ ತಂಡದಲ್ಲಿ ನಿಮ್ಮ ಪಾಲು ಯಾವುದು (ಇದನ್ನು ಬಿಟ್ಟರೆ ಪತ್ರ ತಂಡದ ಬಗ್ಗೆ ಆಗುತ್ತೆ). ಅವರೆದುರೇ ನಡೆದ ಎರಡು ಮೂರು ಸಂದರ್ಭ, ಒಂದೊಂದಕ್ಕೆ ಎರಡು ಸಾಲು. ಜೊತೆಗೆ ರೆಸ್ಯೂಮೆ, ಎಸ್‌ಓಪಿ ಕರಡು, ಡೆಡ್‌ಲೈನ್ ಕ್ರಮದಲ್ಲಿ ಯೂನಿವರ್ಸಿಟಿಗಳ ಪಟ್ಟಿ. ಹೊಗಳಿಕೆಯ ಮಾತು ಒಂದೂ ಬೇಡ, ಅದು ಅವರ ಕೆಲಸ.

ಪತ್ರದೊಳಗೆ ಯೂನಿವರ್ಸಿಟಿ ಹೆಸರು ಹಾಕದಿರಲು ವಿನಂತಿಸಿ. ಒಂದರ ಹೆಸರಿದ್ದ ಪಿಡಿಎಫ್ ಇನ್ನೊಂದಕ್ಕೆ ಹೋಗೋದು ಪ್ರತಿ ವರ್ಷ ನಡೆಯೋ ಎಡವಟ್ಟು. "ಗ್ರ್ಯಾಜುಯೇಟ್ ಅಡ್ಮಿಷನ್ಸ್ ಕಮಿಟಿಗೆ" ಅಂತಿದ್ದರೆ ಎಲ್ಲಕ್ಕೂ ನಡೆಯುತ್ತೆ.

ಏಳನೇಸೆಮ್:
ತುಂಬಾ ಥ್ಯಾಂಕ್ಸ್. ಮೇಡಂ ಒಪ್ಪಿದ್ದಾರೆ, ಆದರೆ "ನನ್ನ ಇಂಗ್ಲಿಷ್ ಅಷ್ಟು ಚೆನ್ನಾಗಿಲ್ಲ, ನೀನೇ ತಿದ್ದಿಕೊಡು" ಅಂತಾರೆ. ಎಚ್‌ಓಡಿ ಸರ್‌ಗೆ ಬೇಜಾರಾಗದ ಹಾಗೆ ಬೇಡ ಅನ್ನೋದು ಹೇಗೆ? ಮೂರನೆಯದು ಇಂಟರ್ನ್‌ಶಿಪ್ ಮ್ಯಾನೇಜರ್ ಆದರೆ ನಡೆಯುತ್ತಾ?

ಬಿಳಿಸೀಮೆಸುಣ್ಣ:
ಮೇಡಂಗೆ ಹೇಳಿ, ಅಲ್ಲಿ ಯಾರೂ ವ್ಯಾಕರಣಕ್ಕೆ ಅಂಕ ಹಾಕಲ್ಲ ಅಂತ. ನೇರ ಇಂಗ್ಲಿಷಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದ ಒಂದು ಪುಟ ಸಾಕು. ತಿದ್ದಲೇಬೇಕು ಅಂದರೆ ಇಂಗ್ಲಿಷ್ ವಿಭಾಗದ ಸಹೋದ್ಯೋಗಿ ಒಬ್ಬರು ನೋಡಲಿ, ನೀವು ಬೇಡ.

ಎಚ್‌ಓಡಿ ಅವರನ್ನು ಬಿಡೋ ಅಗತ್ಯವೇ ಇಲ್ಲದಿರಬಹುದು. ಅವರು ನಿಮಗೆ ಸಬ್ಜೆಕ್ಟ್ ತಗೊಂಡಿದ್ದರೆ ಟಿಪ್ಪಣಿ ಕೊಟ್ಟು "ಸರ್, ಪೋರ್ಟಲ್ ಲಿಂಕ್ ನಿಮಗೇ ಬರುತ್ತೆ, ನಿಮ್ಮದೇ ಮಾತಿನಲ್ಲಿರಬೇಕು ಅಂತ ಕೇಳ್ತಾರೆ" ಅನ್ನಿ. ಪುರುಸೊತ್ತಿಲ್ಲ ಅಂದರೆ ಅವರೇ ಹಿಂದೆ ಸರಿಯುತ್ತಾರೆ. ಪಾಠವೇ ಮಾಡಿಲ್ಲ ಅಂದರೆ ಲ್ಯಾಬ್ ನಡೆಸಿದವರನ್ನು ಹಿಡಿಯಿರಿ.

ಕಡತವಿಲೇವಾರಿ:
ಮ್ಯಾನೇಜರ್ ವಿಷಯದಲ್ಲಿ ನನ್ನ ಅಭಿಪ್ರಾಯ: ಕೋರ್ಸ್ ಓದಿ ಮುಗಿಸೋ ಎಂಎಸ್ ಆದರೆ ಇಬ್ಬರು ಮೇಷ್ಟ್ರು, ಒಬ್ಬ ಮ್ಯಾನೇಜರ್ ಧಾರಾಳ. ಥೀಸಿಸ್ ಇರೋ ಎಂಎಸ್ ಅಥವಾ ಪಿಎಚ್‌ಡಿ ಆದರೆ ಮೂರೂ ಪತ್ರ ಸಂಶೋಧನೆಗೆ ಹತ್ತಿರ ಇರಲಿ. ಮ್ಯಾನೇಜರ್ ಅಂದರೆ ನಿಮ್ಮ ಕೆಲಸ ದಿನಾ ನೋಡಿದವರು, ಎಚ್‌ಆರ್ ಅಲ್ಲ. "ಇಂಥ ದಿನದಿಂದ ಇಂಥ ದಿನದವರೆಗೆ ಇದ್ದರು, ನಡತೆ ತೃಪ್ತಿಕರ" ಅನ್ನೋ ಪತ್ರ ಎಲ್‌ಓಆರ್ ಅಲ್ಲ.

ಹನ್ನೊಂದು ಜಾಸ್ತಿ ಆಯ್ತು. ಹನ್ನೊಂದು ಪೋರ್ಟಲ್ ಅಂದರೆ ಪ್ರತಿಯೊಬ್ಬರಿಗೂ ಹನ್ನೊಂದು ಲಿಂಕ್. ಒಂದಕ್ಕೆ ಕಾಲು ಗಂಟೆ ಹಿಡಿದರೂ ಮೂರು ಗಂಟೆ ಹತ್ತಿರ. ಐದನೆಯದರ ಹೊತ್ತಿಗೆ ಬೇಸರ ಬರುತ್ತೆ, ಡಿಸೆಂಬರ್ ಬೇರೆ ಪರೀಕ್ಷೆ ಗಲಾಟೆಯ ತಿಂಗಳು. ಆರೋ ಏಳೋ ಇಟ್ಟುಕೊಳ್ಳಿ, ಅರ್ಜಿ ಶುಲ್ಕವೂ ಉಳಿಯುತ್ತೆ.

ಆರರಿಂದ ಎಂಟು ವಾರ ಮೊದಲೇ ಕೇಳಬೇಕು, ಅಂದರೆ ಅಕ್ಟೋಬರ್ ಒಳಗೆ. ಹೆಚ್ಚಿನ ಪೋರ್ಟಲ್‌ಗಳಲ್ಲಿ ನೀವು ಅರ್ಜಿ ಸಲ್ಲಿಸುವ ಮೊದಲೇ ಲಿಂಕ್ ಕಳಿಸಬಹುದು, ಕೆಲವದರಲ್ಲಿ ಸಲ್ಲಿಸಿ ಶುಲ್ಕ ಕಟ್ಟಿದ ಮೇಲಷ್ಟೇ ಹೋಗುತ್ತೆ. ಆ ಕೆಲವನ್ನು ಮೊದಲೇ ಗುರುತಿಸಿ ಅವುಗಳ ಅರ್ಜಿಯನ್ನು ನವೆಂಬರ್‌ನಲ್ಲೇ ಮುಗಿಸಿ. ಎಲ್ಲ ಲಿಂಕನ್ನೂ ಒಂದೇ ವಾರದಲ್ಲಿ ಹೋಗೋ ಹಾಗೆ ನೋಡಿಕೊಳ್ಳಿ, ಕುಂತಲ್ಲೇ ಮುಗಿಸಿಬಿಡ್ತಾರೆ. ಡೆಡ್‌ಲೈನ್‌ಗೆ ಎರಡು ವಾರ ಇದ್ದಾಗ ಒಮ್ಮೆ ನೆನಪಿಸಿ, ಮೂರು ದಿನ ಇದ್ದಾಗ ಇನ್ನೊಮ್ಮೆ, ಯಾವ ಯೂನಿವರ್ಸಿಟಿ ಬಾಕಿ ಅಂತ ಹೆಸರು ಹೇಳಿ. ಡಿಸೆಂಬರ್ 15 ಅಂದರೆ ಅಲ್ಲಿನ ಗಡಿಯಾರದ ಪ್ರಕಾರ, ಆ ಭರವಸೆಯ ಮೇಲೆ ಮಾತ್ರ ಕೂರಬೇಡಿ. ಪತ್ರ ಒಂದೆರಡು ದಿನ ತಡವಾದರೆ ಎಷ್ಟೋ ಕಡೆ ತಗೊಳ್ತಾರೆ, ಆದರೆ ಅರ್ಜಿಯನ್ನು ನೀವು ತಡ ಮಾಡಿದರೆ ತಗೊಳ್ಳಲ್ಲ. ಅದಕ್ಕೆ ಪತ್ರ ಬರಲಿ ಅಂತ ಸಬ್ಮಿಟ್ ಒತ್ತದೆ ಕಾಯಬೇಡಿ.