ಬಾತ್‌ರೂಮಿನಲ್ಲಿ ಬ್ರೇಕರ್ ಪ್ಯಾನೆಲ್: ಅನುಭವ ಇರುವವರು ಹೇಳಿ

ಓಹಾಯೋ_ಕನ್ನಡಿಗ: ಓಹಾಯೋದಲ್ಲಿ 1960ರ ದಶಕದ ಒಂದು ಮನೆಗೆ ಆಫರ್ ಹಾಕಿದ್ದೇವೆ. ಬೇಸ್‌ಮೆಂಟ್ ಬಾತ್‌ರೂಮಿನಲ್ಲಿ, ಬೇಸಿನ್ ಪಕ್ಕದ ಗೋಡೆಯಲ್ಲೇ ಮೇನ್ ಪ್ಯಾನೆಲ್ (ಇಡೀ ಮನೆಯ ಬ್ರೇಕರ್‌ಗಳಿರುವ ಕರೆಂಟ್ ಡಬ್ಬ) ಇದೆ. ಷವರ್ ಇಲ್ಲ, ಟಾಯ್ಲೆಟ್ ಇದೆ. ಇನ್‌ಸ್ಪೆಕ್ಷನ್ ರಿಪೋರ್ಟಿನಲ್ಲಿ, ಬಾತ್‌ರೂಮಿನಲ್ಲಿ ಇರಬಾರದು ಅಂತ, ಅದಕ್ಕೆ ಕೆಂಪು ಗುರುತು ಬಿದ್ದಿದೆ. ಮಾರುವವರು "ಹಳೇದು, ಗ್ರ್ಯಾಂಡ್‌ಫಾದರ್ ಆಗಿದೆ, ಏನೂ ಮಾಡಬೇಕಿಲ್ಲ" ಅನ್ನುತ್ತಾರೆ, ಅಂದರೆ ಕಟ್ಟಿದಾಗಿನ ನಿಯಮಕ್ಕೆ ಸರಿ ಇದ್ದದ್ದು ಹಾಗೇ ಇರಬಹುದಂತೆ. ಇಂಥ ಮನೆ ಕೊಂಡವರು ಏನು ಮಾಡಿದಿರಿ?

ಜರ್ಸಿ_ಅಕ್ಕ: ಪ್ಯಾನೆಲ್ ಸರಿಸಿಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಬಿಲ್ ಕಟ್ಟಿದವಳು ನಾನು, ಕೇಳಿ. ಮೊದಲ ಕೊಟೇಶನ್ 2,800 ಡಾಲರ್. ಪರ್ಮಿಟ್ 185. ಆಮೇಲೆ ಶುರುವಾಯಿತು. ನಮ್ಮಲ್ಲಿ ಆಗ 2020ರ ಎಲೆಕ್ಟ್ರಿಕಲ್ ಕೋಡ್ ನಡೆಯುತ್ತಿತ್ತು. ಸರ್ವಿಸ್, ಅಂದರೆ ಹೊರಗಿನಿಂದ ಮನೆಗೆ ಬರುವ ಮುಖ್ಯ ಕರೆಂಟ್ ಲೈನ್, ಮುಟ್ಟಿದ ಮೇಲೆ ಹೊರಗೋಡೆಯಲ್ಲಿ ಎಮರ್ಜೆನ್ಸಿ ಡಿಸ್ಕನೆಕ್ಟ್ (ಇಡೀ ಮನೆಯ ಕರೆಂಟ್ ಹೊರಗಿನಿಂದಲೇ ಆಫ್ ಮಾಡುವ ಸ್ವಿಚ್) ಬೇಕೇ ಬೇಕು ಅಂದರು, 1,450. ವೋಲ್ಟೇಜ್ ಹಠಾತ್ತಾಗಿ ಏರಿದರೆ ತಡೆಯುವ ಸರ್ಜ್ ಪ್ರೊಟೆಕ್ಟರ್ ಕೂಡ ಬೇಕು, 260. ಮೇನ್ ಸ್ವಿಚ್ ಹೊರಗೆ ಹೋಯಿತಲ್ಲ, ಒಳಗಿನದು ಈಗ ಅದರ ಕೆಳಗಿನ ಸಬ್‌ಪ್ಯಾನೆಲ್. ನ್ಯೂಟ್ರಲ್ ಬೇರೆ, ಗ್ರೌಂಡ್ ಬೇರೆ ಮಾಡಬೇಕು, ಹೊರಗಿನಿಂದ ಒಳಗಿನ ಪ್ಯಾನೆಲಿಗೆ ನಾಲ್ಕು ತಂತಿಯ ಫೀಡರ್ ಕೇಬಲ್ ಎಳೆಯಬೇಕು. ಕೇಬಲ್ಲಿಗೇ 540.

ಹಳೇ ತಂತಿಗಳು ಹೊಸ ಜಾಗಕ್ಕೆ ಮುಟ್ಟಲಿಲ್ಲ. ಆರಡಿಗಿಂತ ಜಾಸ್ತಿ ಉದ್ದ ಮಾಡಿದರೆ ಆ ಸರ್ಕ್ಯೂಟಿಗೆ ಎಎಫ್‌ಸಿಐ ಬ್ರೇಕರ್ (ತಂತಿಯಲ್ಲಿ ಕಿಡಿ ಹಾರಿದರೆ ಕರೆಂಟ್ ಕಡಿಯುವಂಥದ್ದು) ಹಾಕಬೇಕಂತೆ. ಒಂದಕ್ಕೆ 58ರಂತೆ ಹನ್ನೊಂದು, 638. ಡ್ರೈವಾಲ್, ಪೇಂಟ್ 900. ಒಟ್ಟು 6,773. ಇಷ್ಟಾದರೂ ಹಳೇ ಡಬ್ಬ ಅಲ್ಲೇ ಇದೆ! ತಂತಿ ಜೋಡಿಸಿದ ಜಾಗ ಕೈಗೆ ಸಿಗುವಂತಿರಬೇಕು, ಗೋಡೆಯೊಳಗೆ ಮುಚ್ಚುವಂತಿಲ್ಲ. ಬೂದು ಬಣ್ಣದ ಮುಚ್ಚಳದ ಮೇಲೆ ಕನ್ನಡಿ ನೇತುಹಾಕಿದ್ದೇನೆ.

ಕೋಡ್_ಓದಿದವ: ಅಕ್ಕ, ಅಷ್ಟು ದುಡ್ಡು ಸುಮ್ನೆ ಹೋಯಿತು. ಎನ್‌ಇಸಿ (ಅಮೆರಿಕದ ರಾಷ್ಟ್ರೀಯ ಎಲೆಕ್ಟ್ರಿಕಲ್ ಕೋಡ್) 240.24(ಇ) ಹೇಳುವುದು ಮನೆಯ ಬಾತ್‌ರೂಮಿನಲ್ಲಿ ಬ್ರೇಕರ್ ಇರಬಾರದು ಅಂತ. ಬಾತ್‌ರೂಮ್ ಅಂದರೆ ಕೈ ತೊಳೆಯುವ ಸಿಂಕ್, ಅದರ ಜೊತೆಗೆ ಟಾಯ್ಲೆಟ್, ಟಬ್, ಷವರ್ ಇಂಥದ್ದರಲ್ಲಿ ಒಂದಾದರೂ ಇರಬೇಕು. ನಾನು ಟಾಯ್ಲೆಟ್ ಕಿತ್ತುಹಾಕಿಸಿದೆ. ಪ್ಲಂಬರ್ ಪೈಪಿಗೆ ಮುಚ್ಚಳ ಹಾಕಿ 140 ತೆಗೆದುಕೊಂಡ. ಈಗ ಅದು ಸಿಂಕ್ ಇರುವ ಲಾಂಡ್ರಿ ರೂಮ್. ಪ್ಯಾನೆಲ್ ಇದ್ದಲ್ಲೇ ಇದೆ, ಇನ್‌ಸ್ಪೆಕ್ಟರ್ ಸಹಿ ಹಾಕಿ ಹೋದ.

ಬೇಸ್‌ಮೆಂಟ್_ಭೂಪ: 140 ಡಾಲರ್ ಅಂತ ಹೆಮ್ಮೆ ಬೇರೆ. ಲಿಸ್ಟಿಂಗಿನಲ್ಲಿ ಒಂದು ಬಾತ್‌ರೂಮ್ ಕಡಿಮೆ ಆಯಿತಲ್ಲ, ಮಾರುವಾಗ ಎಷ್ಟು ಹೋಗುತ್ತದೆ ಅಂತ ಲೆಕ್ಕ ಹಾಕಿದ್ದೀರಾ?

ನನ್ನದು ಕೇಳಿ. ಟಾಯ್ಲೆಟ್ ಒಳಗೆ, ಸಿಂಕ್ ಮತ್ತು ಪ್ಯಾನೆಲ್ ಹೊರಗೆ, ನಡುವೆ ಪಾಕೆಟ್ ಡೋರ್, ಗೋಡೆಯೊಳಗೆ ಸರಿಯುವ ಬಾಗಿಲು. ಬಾಗಿಲಿಗೆ 310, ಫ್ರೇಮಿಂಗಿಗೆ 475, ಬಡಗಿ ಅಳತೆ ತಪ್ಪಿ ಎರಡನೇ ಸಲ ತಂದ ಟ್ರ್ಯಾಕಿಗೆ 65. ಇನ್‌ಸ್ಪೆಕ್ಟರ್ ಒಂದು ನಿಮಿಷ ನೋಡಿ ಫೇಲ್ ಮಾಡಿದ. ಬಾಗಿಲು ಹಾಕಿದ ಮಾತ್ರಕ್ಕೆ ಬೇರೆ ಆಗುವುದಿಲ್ಲ, ಎರಡೂ ಸೇರಿ ಒಂದೇ ಬಾತ್‌ರೂಮ್ ಅಂದ. 850 ನೀರಿಗೆ ಹಾಕಿದ ಹಾಗಾಯಿತು. ಹಾಗಾಗಿ ಪುಸ್ತಕ ಓದಿ ಧೈರ್ಯ ಹೇಳಬೇಡಿ ಸ್ವಾಮಿ. ನಿಮ್ಮ ಟೌನಿನ ಇನ್‌ಸ್ಪೆಕ್ಟರ್ ಬೇರೆ, ನಮ್ಮವನು ಬೇರೆ.

ಕೋಡ್_ಓದಿದವ: ನಾನು ಟಾಯ್ಲೆಟ್ ತೆಗೆಸಿದೆ. ನೀವು ಬಾಗಿಲು ಹಾಕಿದಿರಿ. ಎರಡೂ ಒಂದೇನಾ?

ಸುಮ್ನೆ_ಬಿಟ್ಟವ: ನಾನಂತೂ ಮುಟ್ಟಿಯೇ ಇಲ್ಲ. ನಮ್ಮದರಲ್ಲಿ ಷವರ್ ಕೂಡ ಇದೆ. ಕಟ್ಟಿದ ಕಾಲದಲ್ಲಿ ನಿಯಮಕ್ಕೆ ಸರಿಯಾಗಿತ್ತು, ಹಾಗೇ ಇರಬಹುದು. ಟೈಮರ್ ಇರುವ ಒಳ್ಳೇ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ, ಡಕ್ಟ್ ಸೇರಿ 620. ಇನ್ಶೂರೆನ್ಸ್‌ನವರು ಪ್ಯಾನೆಲ್ ಫೋಟೋ ಕೇಳಿದರು, ಕಳಿಸಿದೆ, ಒಂದು ಮಾತೂ ಬರಲಿಲ್ಲ. ಹೆದರಿಸುವವರ ಮಾತು ಕೇಳಿದ್ದರೆ ನನಗೂ ಏಳು ಸಾವಿರ ಬೀಳುತ್ತಿತ್ತು.

ಜರ್ಸಿ_ಅಕ್ಕ: ಹೆದರಿಸುವವರು ಅಂದರೆ ನಾನಾ? ಒಂದು ದಿನ ಎಲೆಕ್ಟ್ರಿಷಿಯನ್ ಕರೆದು ಮುಚ್ಚಳ ತೆಗೆಸಿ ನೋಡಿ. ನಮ್ಮದರಲ್ಲಿ ಕೆಳಗಿನ ಎರಡು ಬ್ರೇಕರ್ ಕೂರುವ ಜಾಗದ ಬಸ್‌ಬಾರ್ (ಬ್ರೇಕರ್‌ಗಳಿಗೆ ಕರೆಂಟ್ ಕೊಡುವ ಲೋಹದ ಪಟ್ಟಿ) ಹಸಿರುಗಟ್ಟಿತ್ತು, ಸ್ಕ್ರೂಗಳು ತುಕ್ಕು ಹಿಡಿದು ತಿರುಗುತ್ತಿರಲಿಲ್ಲ. ಷವರಿನ ಹಬೆ ಸಂದಿಯಲ್ಲಿ ನುಗ್ಗುತ್ತದೆ. ಹಿಡಿತ ಸಡಿಲವಾದರೆ ಅಲ್ಲೇ ಬಿಸಿ. ಅಂದ ಹಾಗೆ ನೀವೇ ಮುಚ್ಚಳಕ್ಕೆ ಕೈ ಹಾಕಬೇಡಿ. ಮೇನ್ ಆಫ್ ಮಾಡಿದರೂ ಮೀಟರಿನಿಂದ ಬರುವ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಸುಮ್ನೆ_ಬಿಟ್ಟವ: ಅಷ್ಟು ಗೊತ್ತಿದೆ ಮೇಡಂ.

ಟೊರಾಂಟೊ_ಮಾವ: ನಮ್ಮ ಕೆನಡಾ ಕೋಡಿನಲ್ಲೂ ಪ್ಯಾನೆಲ್ ಇಡಬಾರದ ಜಾಗಗಳ ಪಟ್ಟಿ ಇದೆ. ಬಟ್ಟೆ ಕ್ಲಾಸೆಟ್, ಬಾತ್‌ರೂಮ್, ಮೆಟ್ಟಿಲು, ಕಲ್ಲಿದ್ದಲು ತುಂಬಿಡುವ ಗೂಡು ಕೂಡ! ನಾನು 1990ರ ದಶಕದಲ್ಲಿ ಮನೆ ಕೊಂಡಾಗ...

ಬೇಸ್‌ಮೆಂಟ್_ಭೂಪ: ಮಾವ, ಅವರ ಮನೆ ಓಹಾಯೋದಲ್ಲಿ. ಕಲ್ಲಿದ್ದಲಿನ ಕತೆ ಇನ್ನೊಮ್ಮೆ.

ಟೊರಾಂಟೊ_ಮಾವ: ಕೇಳುವ ವ್ಯವಧಾನ ಇಲ್ಲದವರಿಗೆ ಇನ್‌ಸ್ಪೆಕ್ಟರ್ ಫೇಲ್ ಮಾಡುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಗೋಡೆ_ತಿರುಗಿಸಿದವಳು: ಯಾರೂ ಹೇಳದ ದಾರಿ ಒಂದಿದೆ. ಪ್ಯಾನೆಲನ್ನು ಅದೇ ಗೋಡೆಯಲ್ಲಿ ಹಿಂದುಮುಂದು ಮಾಡುವುದು. ಮುಖ ಆಚೆ ಕೋಣೆಗೆ, ಬೆನ್ನು ಬಾತ್‌ರೂಮಿಗೆ, ಈ ಕಡೆ ಡ್ರೈವಾಲ್. ನಮ್ಮದು ಮೇನ್ ಅಲ್ಲ, ಸಬ್‌ಪ್ಯಾನೆಲ್. ತಂತಿಗಳಲ್ಲಿ ಹೆಚ್ಚಿನವು ಮುಟ್ಟಿದವು. ಕೂಲಿ 1,900, ಮೂರು ಎಎಫ್‌ಸಿಐಗೆ 165. ತೊಂದರೆ ಏನೆಂದರೆ ಗೋಡೆಯ ಆಚೆ ನಮಗಿದ್ದದ್ದು ಬಟ್ಟೆ ಕ್ಲಾಸೆಟ್. ಅಲ್ಲೂ ಇಡುವಂತಿಲ್ಲ. ರಾಡ್, ಶೆಲ್ಫ್, ಬಾಗಿಲು ಎಲ್ಲ ತೆಗೆಸಿ, ಪ್ಯಾನೆಲ್ ಮುಂದೆ ಮೂವತ್ತು ಇಂಚು ಅಗಲ, ಮೂರಡಿ ಆಳ ಖಾಲಿ ಬಿಟ್ಟ ಮೇಲೆ ಪಾಸ್ ಆಯಿತು.

ಕೋಡ್_ಓದಿದವ: ಅಂದರೆ ಕ್ಲಾಸೆಟ್ ತೆಗೆದರೆ ಜಾಣತನ, ಟಾಯ್ಲೆಟ್ ತೆಗೆದರೆ ದಡ್ಡತನ. ಚೆನ್ನಾಗಿದೆ.

ಗೋಡೆ_ತಿರುಗಿಸಿದವಳು: ನಾನು ನಿಮ್ಮ ಹೆಸರೇ ಎತ್ತಿಲ್ಲ.

ಬೇಸ್‌ಮೆಂಟ್_ಭೂಪ: ಕ್ಲಾಸೆಟ್ ಹೋದ ಮೇಲೆ ಆ ರೂಮನ್ನು ಬೆಡ್‌ರೂಮ್ ಅಂತ ಮಾರುತ್ತೀರಾ?

ಗೋಡೆ_ತಿರುಗಿಸಿದವಳು: ಬೆಡ್‌ರೂಮಿಗೆ ಕ್ಲಾಸೆಟ್ ಇರಲೇಬೇಕು ಅಂತ ಯಾವ ಎಲೆಕ್ಟ್ರಿಕಲ್ ಕೋಡ್ ಹೇಳಿದೆ? ತೋರಿಸಿ.

ಬೇಸ್‌ಮೆಂಟ್_ಭೂಪ: ಕೋಡ್ ಅಲ್ಲರೀ, ಕೊಳ್ಳುವವರು ಕೇಳುತ್ತಾರೆ. ನಮ್ಮ ರಿಯಲ್ಟರ್ ಮೊದಲು ನೋಡಿದ್ದೇ ಅದನ್ನು.

ಸುಮ್ನೆ_ಬಿಟ್ಟವ: ನಿಮ್ಮ ರಿಯಲ್ಟರ್ ಪಾಕೆಟ್ ಡೋರಿಗೆ ಏನೆಂದರು?