ಕನ್ನಡ ಹೆಸರುಗಳ ಪಟ್ಟಿ ಅಕಾರಾದಿಯಾಗಿ ಬರುತ್ತಿಲ್ಲ, ಅನುಭವ ಇದ್ದವರು ಹೇಳಿ

ಸಂಘದ ಗುಮಾಸ್ತ: ನಮ್ಮ ಸಹಕಾರ ಸಂಘದ ಸದಸ್ಯರ ಪಟ್ಟಿ ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್‌ನ ಕೋಷ್ಟಕದಲ್ಲಿದೆ, ಎರಡು ಸಾವಿರ ಸಾಲು. ಪೈಥಾನ್ ಪ್ರೋಗ್ರಾಂನಿಂದ ಓದಿ ಮುದ್ರಣಕ್ಕೆ ಕೊಡಬೇಕು. ಸಾಲುಗಳನ್ನು ಕ್ರಮವಾಗಿ ಜೋಡಿಸುವ ಆರ್ಡರ್ ಬೈ ಹಾಕಿದರೂ ಕಾಶಿನಾಥನಿಗಿಂತ ಮೊದಲೇ ಕಾಳಪ್ಪ ಬರುತ್ತಾನೆ. ಏನು ಮಾಡಲಿ?

ಮುದ್ರಣದವ: ಇದೇ ಳಕಾರ ನನ್ನ ₹18,400 ನುಂಗಿತು. ಮತದಾರರ ಪಟ್ಟಿ 640 ಪ್ರತಿ, ಹೊಲಿಗೆ ಹಾಕಿ ಕಟ್ಟೂ ಕಟ್ಟಿಯಾಗಿತ್ತು. ನಿವೃತ್ತ ಮೇಷ್ಟ್ರೊಬ್ಬರು ಎರಡನೇ ಪುಟದಲ್ಲೇ ಬೆರಳಿಟ್ಟು, "ಹ ಆದ ಮೇಲಲ್ಲವೇ ಳ?" ಎಂದರು. ಅಷ್ಟನ್ನೂ ರದ್ದಿಗೆ ಹಾಕಿದೆ. ಮರುಮುದ್ರಣದ ಕಾಗದ, ಪ್ಲೇಟು, ಆಟೋ ಬಾಡಿಗೆ ಎಲ್ಲವೂ ನನ್ನ ಜೇಬಿನಿಂದಲೇ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಲ ಆದ ಕೂಡಲೇ ಳ, ಆಮೇಲೆ ವ ಶ ಷ ಸ ಹ. ಎಸ್‌ಕ್ಯುಲೈಟ್ ಆ ಸಂಖ್ಯೆಗಳ ಬೈಟುಗಳನ್ನು ಹೋಲಿಸುತ್ತದೆಯೇ ಹೊರತು ವರ್ಣಮಾಲೆಯನ್ನಲ್ಲ. ಎರಡು ರಾತ್ರಿ ಕುಳಿತು ಅಕ್ಷರಗಳ ಕ್ರಮ ಬರೆದು, ಜೋಡಣೆಯ ನಿಯಮ (ಕೊಲೇಶನ್) ಸೇರಿಸುವ ಪೈಥಾನ್‌ನ ಕ್ರಿಯೇಟ್ ಕೊಲೇಶನ್ ಮೂಲಕ ಅದನ್ನೇ ಎಸ್‌ಕ್ಯುಲೈಟ್‌ಗೆ ಕೊಟ್ಟೆ.

ಗ್ರಂಥಾಲಯದಿಂದ: ಕೊಲೇಶನ್ ಯಾಕೆ? ಎಲ್ಲ ಸಾಲುಗಳನ್ನು ಫೆಚ್‌ಆಲ್‌ನಿಂದ ಒಮ್ಮೆಗೇ ಪೈಥಾನ್‌ಗೆ ತಂದು, ಅಲ್ಲಿ ಜೋಡಿಸುವ ಸಾರ್ಟೆಡ್‌ಗೆ ನಿಮ್ಮ ಕ್ರಮವನ್ನು ಕೀ ಆಗಿ ಕೊಡಿ. ಆರು ವರ್ಷದಿಂದ ನಮ್ಮ ಪುಸ್ತಕ ಸೂಚಿ ಹೀಗೆಯೇ ಹೊರಡುತ್ತಿದೆ. ಒಂದು ತಪ್ಪೂ ಬಂದಿಲ್ಲ.

ವಿದ್ಯುತ್ ಬಿಲ್: ನಿಮ್ಮ ಸೂಚಿ ಎಷ್ಟು ಸಾಲು? ನಾನು 8 ಲಕ್ಷ ಸಾಲನ್ನು ಹೀಗೆ ತಂದಾಗ 4 ಜಿಬಿ ಯಂತ್ರ ನಿಂತೇಬಿಟ್ಟಿತು. ಬಿಲ್ ಹೋಗಬೇಕಾದ ದಿನ, ಬೆಳಗಿನ ಜಾವ ಮೂರರವರೆಗೆ ಕುಳಿತಿದ್ದೆ. ಆ ಮೇಲೆ ಪಾಠ ಕಲಿತು, ಸೂಚ್ಯಂಕ (ಇಂಡೆಕ್ಸ್) ಕಟ್ಟಿ ಜೋಡಿಸುವ ಕೆಲಸ ಡೇಟಾಬೇಸ್‌ಗೇ ಬಿಟ್ಟಿದ್ದೇನೆ. ಇನ್ನೊಂದು ನರಕ ಮನೆ ನಂಬರು: ಪಠ್ಯವಾಗಿ ಇಟ್ಟಿದ್ದರಿಂದ 1, 10, 100, 2 ಎಂದು ಬಂತು. ಮೈಎಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿ ಪಠ್ಯವನ್ನು ಸಂಖ್ಯೆಯಾಗಿಸುವ ಕಾಸ್ಟ್ ಹಾಕಿದರೆ "೧೦" ಎಂದು ಬರೆದ ಸಾಲುಗಳೆಲ್ಲ ಸೊನ್ನೆಯಾದವು.

ಗ್ರಂಥಾಲಯದಿಂದ: ಪೈಥಾನ್‌ನಲ್ಲಿ ಅದೇ ಕೆಲಸ ಮಾಡುವ ಇಂಟ್ ಆ "೧೦" ಅನ್ನು ಹತ್ತು ಎಂದೇ ಓದುತ್ತದೆ. ಕೆಲಸ ಪೈಥಾನ್‌ಗೆ ಬಿಡಿ ಎಂದು ನಾನು ಹೇಳಿದ್ದೂ ಅದಕ್ಕೇ! ಕೇಳಿದವರದು ಎರಡು ಸಾವಿರ ಸಾಲು, ನಿಮ್ಮ ಎಂಟು ಲಕ್ಷ ಇಲ್ಲಿಗೇಕೆ?

ವಿದ್ಯುತ್ ಬಿಲ್: ಇವತ್ತು ಎರಡು ಸಾವಿರ. ನಾಳೆ ಸಂಘ ಬೆಳೆದರೆ ರಾತ್ರಿ ಕೂರುವವರು ನೀವಲ್ಲ.

ಪಿಎಚ್‌ಪಿ ಹಳಬ: ಜಾಲತಾಣ ಬರೆಯುವ ಭಾಷೆ ಪಿಎಚ್‌ಪಿಯ 7ನೇ ಆವೃತ್ತಿ ಬಂದಾಗ ಮೈಎಸ್‌ಕ್ಯುಎಲ್ ಕ್ವೆರಿ ಎಂಬ ಹಳೆಯ ಆದೇಶವನ್ನೇ ತೆಗೆದರು, ಅದನ್ನು ಬಳಸಿದ ನನ್ನ ಸಾಲುಗಳೆಲ್ಲ ಸತ್ತವು. ಹನ್ನೊಂದು ಕಡತ ತಿದ್ದಿದೆ. ತಿದ್ದಿ ಮುಗಿಸಿದ ಮೇಲೂ ಪುಟ ಎರಡರಲ್ಲಿ ಪುಟ ಒಂದರ ಹೆಸರುಗಳೇ! ಒಂದೇ ಹೆಸರಿನ ನಾಲ್ಕು ಮಂಜಮ್ಮಂದಿರಿದ್ದರು, ಅವರಲ್ಲಿ ಯಾರು ಮೊದಲು ಎಂಬುದು ಪುಟ ಪುಟಕ್ಕೂ ಬದಲಾಗುತ್ತಿತ್ತು. ಆರ್ಡರ್ ಬೈ ಕೊನೆಗೆ ಸದಸ್ಯ ಸಂಖ್ಯೆ ಸೇರಿಸಿದ ಮೇಲೆ ಸರಿಯಾಯಿತು.

ಮುದ್ರಣದವ: ಳಕಾರದ ಜೊತೆಗೆ ಅನುಸ್ವಾರವನ್ನೂ (ಂ) ನೋಡಿಕೊಳ್ಳಿ. ಯೂನಿಕೋಡ್‌ನಲ್ಲಿ ಅದು ಅಕಾರಕ್ಕಿಂತ ಮುಂಚೆ ಇದೆ, ಹಾಗಾಗಿ ಗಂಗಮ್ಮ ಗಣಪತಿಗಿಂತ ಮೇಲೆ ಕೂರುತ್ತಾಳೆ.

ಗ್ರಂಥಾಲಯದಿಂದ: ಕೂರಲಿ. ಓದುಗರು ಗಂಗಮ್ಮನನ್ನು ಅಲ್ಲೇ ಹುಡುಕುತ್ತಾರೆ.

ಮುದ್ರಣದವ: ಇಲ್ಲ. ಗ, ಗಾ, ಗಿ, ಗೀ... ಗೌ, ಗಂ ಎಂದು ಕಾಗುಣಿತ ಕಲಿತವರು ಗೌರಮ್ಮನ ನಂತರ ಹುಡುಕುತ್ತಾರೆ. ನನ್ನ ಮೇಷ್ಟ್ರನ್ನು ಕೇಳಿ.

ಸಂಘದ ಗುಮಾಸ್ತ: ನಮ್ಮಲ್ಲಿ ಗಂಗಮ್ಮಂದಿರೇ 31 ಜನ. ಮುದ್ರಣದವರೇ, ನಿಮ್ಮ ಅಕ್ಷರ ಕ್ರಮವನ್ನು ಇಲ್ಲೇ ಹಾಕುತ್ತೀರಾ? ಸೋಮವಾರ ಪಟ್ಟಿ ಅಚ್ಚಿಗೆ ಹೋಗಬೇಕು.